ಒಂದೇ ಚೆಂಡು, ಮೂವತ್ತೆರಡು ಮಕ್ಕಳು

1977ರ ಜುಲೈನಲ್ಲಿ ನನ್ನ ಕೈಗೆ ಬಂದ ಸಾಮಾನಿನ ಪಟ್ಟಿ ಇನ್ನೂ ಬಾಯಿಪಾಠ ಇದೆ. ಚಾಪೆ ನಾಲ್ಕು, ತೂಕದ ತಕ್ಕಡಿ ಒಂದು, ಅಲ್ಯೂಮಿನಿಯಂ ತಟ್ಟೆ ನಲವತ್ತು, ದಬರಿ ಎರಡು, ಸೌಟು ಒಂದು, ಬಣ್ಣದ ಮರದ ಬಿಲ್ಲೆ ಒಂದು ಡಬ್ಬಿ, ರಬ್ಬರ್ ಚೆಂಡು ಒಂದು. ಮಕ್ಕಳು ಮೂವತ್ತೆರಡು. ತಟ್ಟೆ ಎಂಟು ಹೆಚ್ಚು, ಚೆಂಡು ಮೂವತ್ತೊಂದು ಕಮ್ಮಿ. ಸರ್ಕಾರಕ್ಕೆ ಮಕ್ಕಳ ಹೊಟ್ಟೆಯ ಲೆಕ್ಕ ಗೊತ್ತಿದೆ, ಜಗಳದ ಲೆಕ್ಕ ಗೊತ್ತಿಲ್ಲ ಅಂತ ಆವತ್ತು ಅನ್ನಿಸಿತ್ತು.

ಮೊದಲ ದಿನ ಹತ್ತು ಗಂಟೆಗೆ ಚೆಂಡು ಹೊರಗೆ ತೆಗೆದೆ. ಹತ್ತೂ ಐದಕ್ಕೆ ಒಬ್ಬನ ತುಟಿ ಒಡೆದಿತ್ತು, ಒಬ್ಬಳ ಜಡೆ ಇನ್ನೊಬ್ಬಳ ಮುಷ್ಟಿಯಲ್ಲಿತ್ತು, ಚೆಂಡು ಚರಂಡಿಯಲ್ಲಿತ್ತು. "ಮಿಸ್ಸೇ, ಇವ್ನು ಕಿತ್ಕಂಡ." "ಅವ್ನೇ ಮೊದ್ಲು ತಳ್ಳುದ್ದು ಮಿಸ್ಸೇ." ನನಗಾಗ ಇಪ್ಪತ್ತು ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಅದಕ್ಕೇ ತಿಂಗಳಿಗೆ 150 ರೂಪಾಯಿ. ಪಾಸಾಗದವರಿಗೆ 100, ಆಯಾಗೆ 35. ಸಂಬಳ ಅನ್ನುವಂತಿರಲಿಲ್ಲ, ಗೌರವಧನ ಅನ್ನಬೇಕಿತ್ತು. ಚರಂಡಿಗೆ ಕೈ ಹಾಕಿ ಚೆಂಡು ಎತ್ತುವಾಗ ಗೌರವ ಯಾವ ಕಡೆ ಇದೆ ಅಂತ ಹುಡುಕಿದ್ದು ನಿಜ.

ನಾನು ಹೇಳುತ್ತಿರುವುದು ತಿರುಮಕೂಡಲು ನರಸೀಪುರ ತಾಲ್ಲೂಕಿನ ಮಾತು. ಕಾವೇರಿ, ಕಪಿಲೆ ಸೇರುವ ಊರು, ಗುಂಜಾ ನರಸಿಂಹಸ್ವಾಮಿಯ ಊರು ಅಂತ ಜನ ನಮ್ಮನ್ನು ಗುರುತಿಸುತ್ತಾರೆ. ಇನ್ನೊಂದು ಗುರುತನ್ನು ನಮ್ಮವರೇ ಮರೆತಿದ್ದಾರೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಇಡೀ ದೇಶದಲ್ಲಿ ಬರೀ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ನಮ್ಮ ತಾಲ್ಲೂಕನ್ನು, ಇಲ್ಲಿನ 100 ಅಂಗನವಾಡಿಗಳನ್ನು. ಈಗ ರಾಜ್ಯದಲ್ಲಿ ಅಂಗನವಾಡಿಗಳು 65 ಸಾವಿರಕ್ಕೂ ಮೀರಿವೆ. ಅವಕ್ಕೆಲ್ಲ ಬೇರು ನಮ್ಮ ಗದ್ದೆ ಬಯಲಲ್ಲಿದೆ. 2025ಕ್ಕೆ ಐವತ್ತು ವರ್ಷ ತುಂಬಿತು. ನಾನು 2017ರಲ್ಲೇ ನಿವೃತ್ತಳಾದೆ.

ಯೋಜನೆಯ ಕಾಗದದಲ್ಲಿ ಆರು ಸೇವೆ ಬರೆದಿದ್ದರು: ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡಾಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳುವಳಿಕೆ, ಶಾಲಾಪೂರ್ವ ಶಿಕ್ಷಣ. ಆರನ್ನೂ ಊರಿನವರು ಒಂದೇ ಮಾಡಿಕೊಂಡರು. ಅವರ ಬಾಯಲ್ಲಿ ನಮ್ಮದು ಉಪ್ಪಿಟ್ಟಿನ ಸ್ಕೂಲು. ತಪ್ಪೇನಿಲ್ಲ, ಹಸಿದ ಮಕ್ಕಳಿದ್ದ ಕಾಲ ಅದು. ಆದರೆ ನಲವತ್ತು ವರ್ಷದಲ್ಲಿ ನಾನು ಅತಿ ಹೆಚ್ಚು ಹೊತ್ತು ಮಾಡಿದ ಕೆಲಸ ಉಪ್ಪಿಟ್ಟು ಬಡಿಸುವುದಲ್ಲ, ಜಗಳ ಬಿಡಿಸುವುದು. ಅದಕ್ಕೆ ಯಾವ ರಿಜಿಸ್ಟರಿನಲ್ಲೂ ಕಾಲಂ ಇರಲಿಲ್ಲ. ಆ ಕೆಲಸಕ್ಕೂ ಒಂದು ಚರಿತ್ರೆ ಇದೆ ಅನ್ನುವುದು ನನಗೆ ತಡವಾಗಿ ತಿಳಿಯಿತು.

ಅಂಗನವಾಡಿ ಬರುವ ಮೊದಲು ಮಕ್ಕಳ ಸಿಟ್ಟನ್ನು ನಮ್ಮೂರು ಹೇಗೆ ನಿಭಾಯಿಸುತ್ತಿತ್ತು? ಮಗು ಎಡವಿ ಬಿದ್ದರೆ ಅಜ್ಜಿ ಓಡಿ ಬಂದು ಮೊದಲು ನೆಲಕ್ಕೆ ನಾಲ್ಕು ಬಾರಿಸುತ್ತಿದ್ದಳು. "ಇದು ತಾನೆ ನನ್ ಕೂಸ ಬೀಳ್ಸುದ್ದು? ತಗೋ, ತಗೋ." ಮಗು ಅಳು ನಿಲ್ಲಿಸಿ ತಾನೂ ನೆಲಕ್ಕೆ ಹೊಡೆಯುತ್ತಿತ್ತು. ನೋಡಲು ಚೆಂದವೇ. ಆದರೆ ನೋವಾದರೆ ಯಾರಿಗಾದರೂ ಹೊಡೆದು ತೀರಿಸಿಕೊಳ್ಳಬೇಕು ಅನ್ನುವ ಮೊದಲ ಪಾಠ ಅಲ್ಲೇ ಆಗಿಹೋಗುತ್ತಿತ್ತು. ಇವತ್ತು ನೆಲ, ನಾಳೆ ತಮ್ಮ. ಹಟ ಹಿಡಿದರೆ ಗುಮ್ಮ ಇದ್ದ. ದಾಸರ ಕಾಲದಿಂದಲೂ ಕರ್ನಾಟಕದ ಎಲ್ಲ ಮನೆಯಲ್ಲೂ ಬಿಡಾರ ಹೂಡಿದವನು ಅವನು. ಅಳು ಅದಕ್ಕೂ ಬಗ್ಗದಿದ್ದರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದರು. ಈ ದೃಷ್ಟಿ ತೆಗೆಯುವುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಐದು ನಿಮಿಷ ಮನೆಯವರೆಲ್ಲ ಸುಮ್ಮನಾಗಿ ಒಂದೇ ಮಗುವನ್ನು ನೋಡುತ್ತಾ ನಿಲ್ಲುತ್ತಿದ್ದರಲ್ಲ, ಅಳು ನಿಲ್ಲುವುದಕ್ಕೆ ಅಷ್ಟು ಸಾಕಾಗುತ್ತಿತ್ತು.

ಅದಕ್ಕೂ ಹಿಂದೆ ಕೂಲಿಮಠ. ಅಯ್ಯನವರ ಜಗುಲಿ ಶಾಲೆಯಲ್ಲಿ ಜಗಳವಾಡಿದವನಿಗೆ ಕೋದಂಡ ಹಾಕುತ್ತಿದ್ದರು. ಮೇಲಿನಿಂದ ಇಳಿಬಿಟ್ಟ ಹಗ್ಗ ಹಿಡಿಸಿ ಜೋತಾಡಿಸುವ ಶಿಕ್ಷೆ. ನಮ್ಮ ತಾತ ಅದನ್ನು ಕಂಡವರು. "ಕೋದಂಡ ಹಾಕುಸ್ಕಂಡ ಮ್ಯಾಕೆ ಸಿಟ್ಟು ಹೊಂಟೋಗ್ತಿತ್ತಾ ತಾತ?" ಅಂತ ಕೇಳಿದ್ದೆ. "ಸಿಟ್ಟೆಲ್ಲಿ ಹೋದದು, ಮಠ ಬುಟ್ ಮ್ಯಾಲೆ ಕೆರೆ ತಾವ ಹಿಡ್ಕಂಡು ಬಡೀತಿದ್ದೊ" ಅಂದಿದ್ದರು.

ದೊಡ್ಡವರ ಈ ವಿದ್ಯೆಗಳಿಗಿಂತ ಮಕ್ಕಳೇ ಕಟ್ಟಿಕೊಂಡ ಕಟ್ಟಳೆಗಳು ಮೇಲು. ಬೆರಳು ತೋರಿಸಿ "ಟೂ" ಬಿಡುವುದನ್ನು ನೋಡಿ. ಟೂ ಬಿಟ್ಟ ಮೇಲೆ ಮಾತಿಲ್ಲ, ಆದರೆ ಹೊಡೆತವೂ ಇಲ್ಲ. ಇಬ್ಬರ ನಡುವೆ ಮೂರನೆಯವಳೊಬ್ಬಳು ಕೂರಬೇಕು. "ನನ್ ಬಳಪ ವಾಪಸ್ ಕೊಡ್ಬೇಕಂತೆ ಅಂತ ಅವ್ಳ್‌ಗೆ ಹೇಳು." ಅವಳು ಪಕ್ಕದಲ್ಲೇ ಇರುತ್ತಾಳೆ, ಕೇಳಿಸಿರುತ್ತದೆ. ಆದರೂ ಮಾತು ಆ ಮೂರನೆಯವಳ ಬಾಯಿಂದಲೇ ಹೋಗಬೇಕು, ಹೋಗುವಾಗ ಅರ್ಧ ಕಾವು ಆರಿರುತ್ತದೆ. ಸಂಜೆಯೊಳಗೆ ರಾಜಿ. ಗಾಂಧೀಜಿಯವರ ಅಸಹಕಾರ ಚಳವಳಿ 1920ರಲ್ಲಿ ಶುರುವಾಯಿತು ಅಂತ ಪುಸ್ತಕ ಹೇಳುತ್ತದೆ. ನಮ್ಮೂರಿನ ಹೆಣ್ಣುಮಕ್ಕಳು ಅದನ್ನು ಯಾರಿಂದಲೂ ಕಲಿತವರಲ್ಲ.

ಇನ್ನೊಂದು ಆಟಕ್ಕುಂಟು ಲೆಕ್ಕಕ್ಕಿಲ್ಲ. ಇದನ್ನು ಈಗ ಬೈಗುಳವಾಗಿ ಬಳಸುತ್ತಾರೆ, ಕೆಲಸಕ್ಕೆ ಬಾರದವನು ಅನ್ನುವ ಅರ್ಥದಲ್ಲಿ. ಮೂಲದಲ್ಲಿ ಅದು ದಯೆಯ ಮಾತು. ಅಕ್ಕನ ಸೊಂಟದ ಮೇಲೆ ಬಂದ ಮೂರು ವರ್ಷದ ಕೂಸನ್ನು ಲಗೋರಿಗೆ ಸೇರಿಸಿಕೊಳ್ಳದಿದ್ದರೆ ಅಳು, ಸೇರಿಸಿಕೊಂಡರೆ ಆಟ ಕೆಡುತ್ತದೆ. ಅದಕ್ಕೆ ಓಡು, ಚೆಂಡೆಸಿ, ಕೂಗು, ಆದರೆ ನೀನು ಔಟಾಗುವುದಿಲ್ಲ ಅಂತ ಮಾಡಿದರು. ಸೋಲನ್ನು ತಡೆದುಕೊಳ್ಳುವ ವಯಸ್ಸು ಬರುವ ತನಕ ಸೋಲಿನಿಂದ ರಜೆ. ಮಕ್ಕಳಿಗೆ ಯಾವ ವಯಸ್ಸಿನಲ್ಲಿ ಏನು ಕೇಳಬಹುದು ಅಂತ ತರಬೇತಿಯಲ್ಲಿ ಎರಡು ದಿನ ಪಾಠ ಹೇಳಿದರು. ಈ ನಾಲ್ಕು ಪದ ಹೇಳಿದ್ದರೆ ಸಾಕಿತ್ತು.

ತರಬೇತಿ ಅಂದೆ. ಅಲ್ಲಿ ನಮಗೆ ಪಾಠ ಹೇಳಲು ಬರುತ್ತಿದ್ದ ಒಬ್ಬರು ಮೇಡಂ ಒಂದು ಮಧ್ಯಾಹ್ನ ಪುಸ್ತಕ ಮುಚ್ಚಿಟ್ಟು "ಅಂಗನವಾಡಿ ಅಂದರೇನು ಹೇಳಿ" ಅಂದರು. ಉಪ್ಪಿಟ್ಟು, ಲಸಿಕೆ ಅಂತೆಲ್ಲ ಹೇಳಿದೆವು. "ಪದದ ಅರ್ಥ ಹೇಳಿ" ಅಂದರು. ಅಂಗಣ, ಅಂಗಳ. ಅಷ್ಟು ಹೊತ್ತೂ ಕಣ್ಣೆದುರೇ ಇದ್ದದ್ದು ಯಾರಿಗೂ ಹೊಳೆದಿರಲಿಲ್ಲ.

ಆ ಅಂಗಳದ ಕತೆ ಗುಜರಾತಿನಿಂದ ಶುರು. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅನ್ನುವವರಿದ್ದರು, ವೃತ್ತಿಯಿಂದ ವಕೀಲರು. ಮಗ ಹುಟ್ಟಿದ ಮೇಲೆ ಅವನನ್ನು ಬೆಳೆಸುವುದು ಹೇಗೆ ಅಂತ ಓದುತ್ತಾ ಓದುತ್ತಾ ಮಾರಿಯಾ ಮಾಂಟೆಸ್ಸೊರಿಯವರ ಪುಸ್ತಕಕ್ಕೆ ಬಂದರು, ಕೋರ್ಟಿಗೆ ಹೋಗುವುದನ್ನು ಬಿಟ್ಟರು. 1920ರಲ್ಲಿ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರ ತೆರೆದರು. ಅಲ್ಲಿ ಹೊಡೆತ ಇಲ್ಲ, ಬಹುಮಾನವೂ ಇಲ್ಲ. ಹೊಡೆತ ಬೇಡ ಅನ್ನುವುದು ಯಾರಿಗಾದರೂ ಅರ್ಥವಾಗುತ್ತದೆ, ಬಹುಮಾನ ಯಾಕೆ ಬೇಡ? ಒಬ್ಬನಿಗೆ ಕೊಟ್ಟ ಬಹುಮಾನ ಇಪ್ಪತ್ತು ಮಕ್ಕಳ ಹೊಟ್ಟೆಕಿಚ್ಚು. ಮೇಡಂ ಹೇಳಿದ್ದಕ್ಕಿಂತ ಬೇಗ ಅದು ನನಗೆ ತಿಳಿದದ್ದು ಊರಿನ ಗಣೇಶೋತ್ಸವದಲ್ಲಿ ಸ್ಟೀಲ್ ಲೋಟ ಹಂಚಿದಾಗ. ಗಿಜುಭಾಯಿಯವರ ಮೀಸೆ ದೊಡ್ಡದು, ಜನ ಅವರನ್ನು ಮೀಸೆಯ ಅಮ್ಮ ಅಂತ ಕರೆಯುತ್ತಿದ್ದರು. ಕೋರ್ಟಿನಲ್ಲಿ ದೊಡ್ಡವರ ವ್ಯಾಜ್ಯ ಕಂಡವರಿಗೆ ಮಕ್ಕಳ ವ್ಯಾಜ್ಯದಲ್ಲಿ ತೀರ್ಪು ಕೊಡುವುದು ದಡ್ಡತನ ಅಂತ ಬೇಗ ಹೊಳೆದಿರಬೇಕು. ಇದು ನನ್ನ ಊಹೆ.

ಅವರ ಜೊತೆ ಕೆಲಸ ಮಾಡಿದವರು ತಾರಾಬಾಯಿ ಮೋಡಕ್. ಇಬ್ಬರೂ ಸೇರಿ 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. ಬಾಲಮಂದಿರ ಒಳ್ಳೆಯದೇ, ಆದರೆ ದುಬಾರಿ, ಪೇಟೆಯ ಮಕ್ಕಳಿಗೆ. ತಾರಾಬಾಯಿ 1945ರಲ್ಲಿ ಈಗಿನ ಮಹಾರಾಷ್ಟ್ರದ ಕಡಲತೀರದ ಬೋರ್ಡಿಗೆ ಹೋಗಿ ಹಳ್ಳಿ ಮಕ್ಕಳ ಕೇಂದ್ರ ಶುರು ಮಾಡಿದರು. ಬಾಲ್ಯದಲ್ಲೇ ವಿಧವೆಯಾಗಿ, ಆಮೇಲೆ ಓದಿ ಶಿಕ್ಷಕಿಯಾಗಿದ್ದ ಅನುತಾಯಿ ವಾಘ್ ಅವರೊಡನೆ ಸೇರಿದರು. ಕೇಂದ್ರ ಇತ್ತು, ಆಟದ ಸಾಮಾನಿತ್ತು, ಬಡವರ ಕೇರಿಯ ಮಕ್ಕಳು ಬರಲಿಲ್ಲ. ಬರದಿದ್ದರೆ ನಾವೇ ಹೋಗೋಣ ಅಂತ ಇಬ್ಬರು ಹೆಂಗಸರೂ ಅವರ ಮನೆಯಂಗಳಕ್ಕೇ ಹೋದರು. ಕೇಂದ್ರದಲ್ಲಿ ನಡೆದರೆ ಬಾಲವಾಡಿ, ಮಗುವಿನ ಅಂಗಳದಲ್ಲಿ ನಡೆದರೆ ಅಂಗನವಾಡಿ. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಲ್ಲೇ ಶಾಲೆ. 1957ರಲ್ಲಿ ಕೋಸಬಾಡದ ಗುಡ್ಡಕ್ಕೆ ಹೋಗಿ ವಾರ್ಲಿ ಮಕ್ಕಳ ನಡುವೆ ನೆಲೆಸಿದರು. ಆಮೇಲೆ ಸರ್ಕಾರದ ಕಡೆಯಿಂದ 1972ರಲ್ಲಿ ಮೀನಾ ಸ್ವಾಮಿನಾಥನ್ ಅವರ ನೇತೃತ್ವದ ಅಧ್ಯಯನ ತಂಡ ಆರು ವರ್ಷದೊಳಗಿನ ಮಕ್ಕಳ ಬಗ್ಗೆ ವರದಿ ಕೊಟ್ಟಿತು, 1974ರಲ್ಲಿ ಮಕ್ಕಳ ರಾಷ್ಟ್ರೀಯ ನೀತಿ ಬಂತು, ಮರುವರ್ಷ ಯೋಜನೆ. ಬೋರ್ಡಿಯ ಅಂಗಳದಿಂದ ಎದ್ದ ಪದ ಹೀಗೆ ನರಸೀಪುರದ ಸರ್ಕಾರಿ ಬೋರ್ಡಿನ ಮೇಲೆ ಬಂದು ಕೂತಿತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು ಕಟ್ಟಿದ ಮಕ್ಕಳ ಕೂಟ ಅದಕ್ಕಿಂತ ಎಷ್ಟೋ ಹಳೆಯದು. ಆದರೆ ಅದು ನಗರದ ಮಾತು, ನಮ್ಮ ತನಕ ಬರಲಿಲ್ಲ.

ಆ ಮಧ್ಯಾಹ್ನ ಮೇಡಂ ಹೇಳಿದ ಇನ್ನೊಂದು ಸಂಗತಿ ನನ್ನ ಹೊಟ್ಟೆ ತಣ್ಣಗೆ ಮಾಡಿತು. ಗಿಜುಭಾಯಿ ತೀರಿಕೊಂಡದ್ದು 1939ರ ಜೂನ್‌ನಲ್ಲಿ, ಅದೇ ನವೆಂಬರಿನಲ್ಲಿ ಮಾಂಟೆಸ್ಸೊರಿ ಮದ್ರಾಸಿನ ಅಡ್ಯಾರಿಗೆ ಬಂದರು. ಕೆಲವು ತಿಂಗಳ ತರಬೇತಿ ಕೊಟ್ಟು ಹೋಗಲು ಬಂದ ಆ ಹೆಂಗಸು ಇಟಲಿಯವರು. ಇಟಲಿ ಯುದ್ಧಕ್ಕೆ ಇಳಿದದ್ದೇ ಬ್ರಿಟಿಷ್ ಸರ್ಕಾರಕ್ಕೆ ಶತ್ರುದೇಶದವರಾಗಿಬಿಟ್ಟರು. 1946ರ ತನಕ ಇಲ್ಲೇ ಉಳಿದರು. ಶಾಂತಿ ಬೇಕಾದರೆ ಮಕ್ಕಳಿಂದ ಶುರು ಮಾಡಿ ಅಂತ ಯುರೋಪಿನ ಊರೂರಲ್ಲಿ ಭಾಷಣ ಮಾಡಿ ಬಂದವರು ಯುದ್ಧಕಾಲವನ್ನು ಹೀಗೆ ನಮ್ಮ ದೇಶದಲ್ಲಿ ಕಳೆದರು. ಅವರ ಶಾಲೆಯಲ್ಲಿ ಒಂದು ನಿಯಮವಂತೆ. ಪ್ರತಿಯೊಂದು ಸಾಮಾನೂ ಒಂದೇ ಇರಬೇಕು. ಇನ್ನೊಂದು ಮಗುವಿನ ಕೈಯಲ್ಲಿದ್ದರೆ ಅದು ಕೆಳಗಿಡುವ ತನಕ ಕಾಯಬೇಕು. ಕಾಯುತ್ತಾ ಕಾಯುತ್ತಾ ಮಗು ತಾಳ್ಮೆಯನ್ನೂ ಇನ್ನೊಬ್ಬರ ಕೆಲಸಕ್ಕೆ ಕೊಡಬೇಕಾದ ಮರ್ಯಾದೆಯನ್ನೂ ಕಲಿಯುತ್ತದೆ. ನಾನು ಕೈ ಎತ್ತಿ "ಮೇಡಂ, ನನ್ನ ಹತ್ರ ಚೆಂಡು ಒಂದೇ ಇದೆ" ಅಂದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ನಮ್ಮದು ಬಡತನ, ಅವರದು ಸಿದ್ಧಾಂತ, ಆದರೆ ಚೆಂಡು ಎರಡೂ ಕಡೆ ಒಂದೇ.

ಊರಿಗೆ ಬಂದು ಚೆಂಡಿಗೆ ಸರದಿ ಹಾಕಿದೆ. ಮಕ್ಕಳಿಗೆ ಗಡಿಯಾರ ಗೊತ್ತಿಲ್ಲ, ಅದಕ್ಕೆ ಅಂಗಳದ ಹೊಂಗೆ ಮರದ ನೆರಳಿಗೆ ಕಲ್ಲಿಟ್ಟೆ. ನೆರಳು ಕಲ್ಲು ದಾಟಿದರೆ ಚೆಂಡು ಮುಂದಿನವರಿಗೆ. ಹೆಚ್ಚು ಕೈ ಸೇರುವ ಆಟವಾದರೆ ಹೆಚ್ಚು ಹೊತ್ತು. ತಾವಾಗಿಯೇ ಗುಂಪಾಗಿ ಬರತೊಡಗಿದರು. ಮೋಡ ಮುಚ್ಚಿದ ದಿನ ಮಾತ್ರ ಕಿತ್ತಾಟ ಮೊದಲಿನಂತೆಯೇ.

ಇಷ್ಟೆಲ್ಲ ಕಲಿತವಳು ನಾನೇ ಒಂದು ದಿನ ಕೈ ಎತ್ತಿದೆ. ಎರಡನೇ ವರ್ಷ. ನಾಲ್ಕು ವರ್ಷದವನೊಬ್ಬ ಕಚ್ಚುತ್ತಿದ್ದ. ಆವತ್ತು ಪುಟ್ಟ ಹುಡುಗಿಯೊಬ್ಬಳ ಕೆನ್ನೆಯಲ್ಲಿ ಹಲ್ಲಿನ ಗುರುತು, ರಕ್ತ. ಬೆಳಗಿನಿಂದ ನನಗೂ ಮನೆಯಲ್ಲಿ ಮಾತಾಗಿತ್ತು. ಅವನ ಕೆನ್ನೆಗೆ ಬಾರಿಸಿದೆ. ಅಂಗನವಾಡಿ ಸ್ತಬ್ಧವಾಯಿತು. ಎಷ್ಟು ಶಿಸ್ತು ಅಂತ ಆ ಹೊತ್ತಿಗೆ ಅನ್ನಿಸಿತು ಕೂಡ. ಮರುದಿನ ಜಗುಲಿಯ ಮೂಲೆಯಲ್ಲಿ ಆರು ಮಕ್ಕಳು ಸ್ಕೂಲಾಟ ಆಡುತ್ತಿದ್ದರು. ಟವೆಲನ್ನೇ ಸೀರೆಯಂತೆ ಹೊದ್ದ ಹುಡುಗಿ ಮಿಸ್ಸು. ಅವಳು ಒಬ್ಬನನ್ನು ಎದುರು ನಿಲ್ಲಿಸಿಕೊಂಡು, ತುಟಿಯನ್ನು ನಾನು ಕಚ್ಚಿಕೊಳ್ಳುವ ಹಾಗೆಯೇ ಕಚ್ಚಿಕೊಂಡು ಕೆನ್ನೆಗೆ ಬಾರಿಸಿದಳು. ಕೆನ್ನೆಯಲ್ಲಿ ಹಲ್ಲಿನ ಗುರುತಿದ್ದ ಹುಡುಗಿಯೇ ಅವಳು.

ಎಷ್ಟೋ ವರ್ಷದ ಮೇಲೆ ಒಂದು ತರಬೇತಿಯಲ್ಲಿ ಅಮೆರಿಕದ ಪ್ರಯೋಗವೊಂದರ ಬಗ್ಗೆ ಹೇಳಿದರು. ಆಲ್ಬರ್ಟ್ ಬಂಡೂರಾ ಅನ್ನುವ ಮನಶ್ಶಾಸ್ತ್ರಜ್ಞರು 1961ರಲ್ಲಿ 72 ಮಕ್ಕಳನ್ನು ತೆಗೆದುಕೊಂಡು, ಕೆಲವರ ಎದುರು ದೊಡ್ಡವರೊಬ್ಬರು ಗಾಳಿ ತುಂಬಿದ ಬೊಂಬೆಗೆ ಹೊಡೆಯುವಂತೆ ಮಾಡಿದರಂತೆ. ಅದನ್ನು ಕಂಡ ಮಕ್ಕಳು ತಾವೂ ಬೊಂಬೆಗೆ ಹಾಗೇ ಹೊಡೆದರು. ಪಕ್ಕದಲ್ಲಿದ್ದವಳು ಬರೆದುಕೊಳ್ಳುತ್ತಿದ್ದಳು. ನಾನು ಪೆನ್ನು ಮುಚ್ಚಿದೆ. 72 ಮಕ್ಕಳು ಯಾಕೆ, ನನಗೆ ಆರು ಸಾಕಾಗಿತ್ತು.

ಕಚ್ಚುವವನಿಗೆ ಉತ್ತರ ಸಿಕ್ಕಿದ್ದು ರೇಷ್ಮೆ ಹುಳುವಿನಿಂದ. ನಮ್ಮ ಕಡೆ ಹಿಪ್ಪುನೇರಳೆ ಸೊಪ್ಪಿನ ಬೇಸಾಯ ಹಳೆಯದು. ಅಂಗನವಾಡಿಗೆ ಆಗ ಸ್ವಂತ ಕಟ್ಟಡ ಎಲ್ಲಿ? ಹುಳ ಸಾಕುವ ಮನೆಯೊಂದರ ಪಡಸಾಲೆಯೇ ನಮ್ಮ ಕೇಂದ್ರ. ಒಳಮನೆಯಲ್ಲಿ ತಟ್ಟೆ ತಟ್ಟೆ ಹುಳ, ಗೋಡೆಗೆ ಒರಗಿಸಿದ ಚಂದ್ರಂಕಿ. ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಆಗ ಅದನ್ನು ಯಾರೂ ಮುಟ್ಟಬಾರದು. ನಾಲ್ಕನೇ ಜ್ವರ ಎದ್ದ ಮೇಲೆ ತಿನ್ನುತ್ತವೆ ನೋಡಿ, ಕತ್ತಲ ಕೋಣೆಯಲ್ಲಿ ಜಿಟಿಜಿಟಿ ಮಳೆ ಬಂದ ಹಾಗೆ ಸದ್ದು.

ಮನೆಯೊಡತಿ ಒಂದು ದಿನ ಬಂದು "ಮಿಸ್ಸೇ, ಹುಳ ಜ್ವರುಕ್ಕೆ ಕೂತವೆ, ಕೂಸ್ಗೊಳ್ಗೆ ಒಸಿ ಸದ್ದು ಮಾಡ್ಬ್ಯಾಡಿ ಅನ್ನಿ" ಅಂದರು. ನಾನು ಮಕ್ಕಳನ್ನು ನಾಲ್ಕು ನಾಲ್ಕರಂತೆ ಬಾಗಿಲ ತನಕ ಕರೆದುಕೊಂಡು ಹೋಗಿ ತೋರಿಸಿದೆ. ಎರಡು ದಿನ ಕಳೆದು ಆ ಕಚ್ಚುವ ಹುಡುಗ ಏನಕ್ಕೋ ಕೆರಳಿ ಮೂಲೆಯಲ್ಲಿ ಮುಷ್ಟಿ ಬಿಗಿಹಿಡಿದು ಕೂತಿದ್ದ. ಕೆಣಕಲು ಹೊರಟ ಒಬ್ಬನನ್ನು ಇನ್ನೊಬ್ಬಳು ತಡೆದಳು. "ಮುಟ್ಬ್ಯಾಡ ಕಣ್ಲಾ, ಅವ್ನು ಜ್ವರುಕ್ಕೆ ಕೂತವ್ನೆ. ಎದ್ ಮ್ಯಾಕೆ ಬತ್ತಾನೆ." ನನಗೆ ಮೈ ಜುಮ್ಮೆಂದಿತು. ಆಮೇಲೆ ಅದು ನಮ್ಮ ಕೇಂದ್ರದ ಮಾತೇ ಆಯಿತು. ಸಿಟ್ಟು ಬಂದವರು ತಾವೇ "ಮಿಸ್ಸೇ, ನಂಗೆ ಜ್ವರ" ಅಂತ ಹೇಳಿ ಒಳಬಾಗಿಲ ಹೊಸ್ತಿಲ ಬಳಿ ಹೋಗಿ ಕೂರುತ್ತಿದ್ದರು. ಹುಳ ಎದ್ದಿರುವ ದಿನವಾದರೆ ಕಣ್ಣು ಮುಚ್ಚಿ ಸೊಪ್ಪು ತಿನ್ನುವ ಸದ್ದು ಕೇಳುತ್ತಿದ್ದರು. ಮಾಂಟೆಸ್ಸೊರಿಯವರ ಶಾಲೆಗಳಲ್ಲಿ ಮೌನದ ಆಟ ಅಂತ ಒಂದಿದೆ, ಎಲ್ಲರೂ ಅಲ್ಲಾಡದೆ ಕೂತು ಕಿವಿಗೊಡುವುದು. ನಮ್ಮದನ್ನು ಹುಳ ಕಲಿಸಿತು. ಜ್ವರಕ್ಕೆ ಕೂತವರನ್ನು ಬೈಯುವಂತಿಲ್ಲ, ಓಲೈಸುವಂತೆಯೂ ಇಲ್ಲ. ಎದ್ದು ಬಂದ ಮೇಲೆ ಒಂದು ಲೋಟ ನೀರು. ಕಚ್ಚುವುದು ನಿಂತಿತೇ? ಕಮ್ಮಿಯಾಯಿತು. ಪೂರ್ತಿ ನಿಂತದ್ದು ಅವನಿಗೆ ಮಾತು ಸರಿಯಾಗಿ ಬಂದ ಮೇಲೆ.

ಮಾತು ಅಂದಮೇಲೆ ಇದೊಂದನ್ನು ಹೇಳಬೇಕು. ಪೇಟೆಯಲ್ಲಿ ಕಾನ್ವೆಂಟುಗಳು ಎದ್ದ ಮೇಲೆ "ಸಾರಿ ಕೇಳು" ಅನ್ನುವುದು ನಮ್ಮೂರಿಗೂ ಬಂತು. ಮಕ್ಕಳು ಬೇಗ ಕಲಿತರು. ಹೊಡೆದು ಸಾರಿ ಅನ್ನುವುದು, ಸಾರಿ ಅಂದುಕೊಂಡೇ ಹೊಡೆಯುವುದು. ನಾನು ಸಾರಿ ಕೇಳಿಸಲಿಲ್ಲ. ಅಳಿಸಿದವರು ಅತ್ತವರಿಗೆ ನೀರು ತಂದುಕೊಡಬೇಕು, ಅಷ್ಟೇ. ಲೋಟ ತುಳುಕದಂತೆ ನಡೆಯುವಷ್ಟರಲ್ಲಿ ಮುಖ ಬೇರೆಯಾಗಿರುತ್ತಿತ್ತು. "ಯಾರು ಮೊದಲು ಶುರು ಮಾಡಿದ್ದು" ಅಂತಲೂ ಕೇಳುವುದು ಬಿಟ್ಟೆ. ಅರಳಿಕಟ್ಟೆಯ ನ್ಯಾಯದಲ್ಲಿ ಕೇಳುವ ಪ್ರಶ್ನೆ ಅದು, ಅದಕ್ಕೆ ದಂಡವೇ ಉತ್ತರ. "ಈಗ ಏನ್ಮಾಡಣ?" ಅಂದರೆ ಇಬ್ಬರೂ ಯೋಚಿಸುತ್ತಾರೆ. ನಾಲ್ಕರ ಮೇಲಿನವರು, ಮೂರರವರಲ್ಲ. ಮೂರರ ಮಗುವಿಗೆ ಹಂಚಿಕೋ ಅನ್ನುವುದು ಕರುವಿಗೆ ಉಳು ಅಂದ ಹಾಗೆ.

ಎಲ್ಲ ಜಗಳವೂ ಮಕ್ಕಳದ್ದಾಗಿರಲಿಲ್ಲ. ಕಷ್ಟ ಇದ್ದದ್ದು ಇಲ್ಲಿ. ಒಂದು ದಿನ ಐದು ವರ್ಷದವಳು ಪಕ್ಕದವಳನ್ನು ಚಾಪೆಯಿಂದ ತಳ್ಳಿದಳು. ಯಾಕೆ ಅಂದರೆ "ಅವ್ರ ತಾವ ಕೂರ್ಬ್ಯಾಡ ಅಂತು ನಮ್ಮಜ್ಜಿ." ಅಲ್ಲಿ ಸಿಟ್ಟೂ ಇರಲಿಲ್ಲ, ಅಸೂಯೆಯೂ ಇರಲಿಲ್ಲ. ಮನೆಯಲ್ಲಿ ಹೇಳಿದ್ದನ್ನು ಮಗು ಪಾಲಿಸಿತ್ತು. ನಮ್ಮ ಆಯಾ ಕೇರಿಯವರು. ಅವರು ಮಾಡಿದ್ದನ್ನು ತಿನ್ನಬೇಡ ಅಂತ ಕೆಲವು ಮನೆಯಲ್ಲಿ ಹೇಳಿ ಕಳಿಸುತ್ತಿದ್ದರು, ಕೆಲವರು ಕಳಿಸುತ್ತಲೇ ಇರಲಿಲ್ಲ. ಅವರನ್ನು ಬೈದು ಏನು ಮಾಡಲಿ? ಊರೊಳಗಿನ ಮನೆಯಲ್ಲಿ ಹುಟ್ಟಿದ ನಾನೇ ಮೊದಲ ವಾರ ನನ್ನ ಪಾಲಿನ ಉಪ್ಪಿಟ್ಟನ್ನು ಬುತ್ತಿ ಡಬ್ಬಿಗೆ ಹಾಕಿಕೊಂಡು ಹೋಗಿ ಎಮ್ಮೆಗೆ ಸುರಿದಿದ್ದೆ. ಆಯಾಗೆ ಅದು ಗೊತ್ತಿತ್ತು ಅಂತ ಎಷ್ಟೋ ವರ್ಷದ ಮೇಲೆ ಅವರೇ ನಗುತ್ತಾ ಹೇಳಿದರು. ಎಂಟನೇ ದಿನ ಒಬ್ಬ ಹುಡುಗ ನನ್ನ ತಟ್ಟೆ ನೋಡಿ "ಮಿಸ್ಸು ಯಾಕೆ ಉಣ್ಣಲ್ಲ?" ಅಂತ ಆಯಾನನ್ನು ಕೇಳಿದ. ಅವರು ಉತ್ತರ ಹೇಳಲಿಲ್ಲ. ನಾನು ಕೂತು ಉಂಡೆ.

ಮುಂದೆ ನಾನು ಮಾಡಿದ್ದು ಇಷ್ಟು. ಬಡಿಸುವ ಸರದಿಯನ್ನು ಮಕ್ಕಳಿಗೆ ಕೊಟ್ಟೆ. ದಿನಕ್ಕೆ ಇಬ್ಬರು, ಹಾಜರಿ ಪುಸ್ತಕದ ಹೆಸರಿನ ಕ್ರಮದಲ್ಲಿ. ಪುಸ್ತಕದಲ್ಲಿ ಅಕಾರಾದಿ ಇತ್ತು, ಬೀದಿಯ ಲೆಕ್ಕ ಇರಲಿಲ್ಲ. ಸೌಟು ಹಿಡಿದವರು ಆವತ್ತಿನ ಯಜಮಾನರು. ಎಲ್ಲರಿಗೂ ಸಮ ಹಾಕಬೇಕು, ತಮಗೆ ಕೊನೆಗೆ ಹಾಕಿಕೊಳ್ಳಬೇಕು. ಕೇರಿಯ ಹುಡುಗಿಯ ಸರದಿ ಬಂದ ದಿನ ಒಬ್ಬ ಅಜ್ಜಿ ಬಂದು ಮೊಮ್ಮಗನನ್ನು ತಟ್ಟೆಯ ಮುಂದಿನಿಂದ ಎಬ್ಬಿಸಿಕೊಂಡು ಹೋದರು. ಮೂರು ದಿನ ಅವನು ಬರಲಿಲ್ಲ. ನಾಲ್ಕನೇ ದಿನ ಒಬ್ಬನೇ ಓಡಿ ಬಂದ, ಹಿಂದೆ ಅಜ್ಜಿ ಬೈದುಕೊಂಡು. ಆವತ್ತು ಅವನ ಸರದಿ. ಹಟ ಕೆಟ್ಟದ್ದು ಅಂತ ತರಬೇತಿಯ ಪುಸ್ತಕದಲ್ಲಿ ಬರೆದಿದ್ದರು, ನನಗೆ ಆವತ್ತಿನಿಂದ ಆ ಮಾತಿನ ಮೇಲೆ ನಂಬಿಕೆ ಹೋಯಿತು. ಸೌಟು ಹಿಡಿದು ಅವನು ಕೇರಿಯ ಹುಡುಗಿಯ ತಟ್ಟೆಗೆ ಬಡಿಸಿದ್ದನ್ನು ಅಜ್ಜಿ ಜಗುಲಿಯಿಂದಲೇ ನೋಡಿ, ಸೆರಗು ಕೊಡವಿ ಹೋದರು. ಮಾರನೆಯ ದಿನ ಹುಡುಗ ಬಂದ. ಎಲ್ಲರೂ ಬದಲಾದರು ಅಂತ ಹೇಳಿದರೆ ಸುಳ್ಳಾಗುತ್ತದೆ. ಎರಡು ಮನೆಯವರು ಕೊನೆಗೂ ಮಕ್ಕಳನ್ನು ಕಳಿಸಲಿಲ್ಲ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1995ರಲ್ಲಿ ನಮ್ಮದೇ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾಗಿ, ಶಾಲೆಯ ಒಂದನೇ ತರಗತಿಯವರೂ ನಮ್ಮ ಮಕ್ಕಳ ಹಾಗೆ ನೆಲದ ಮೇಲೆ ಗುಂಪಾಗಿ ಕೂರುವಂತಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಕ್ಕಳಿಗೆ ಹೊಡೆಯುವುದನ್ನೂ ಹಿಂಸಿಸುವುದನ್ನೂ ನಿಷೇಧಿಸಿತು. ಕೋದಂಡದಿಂದ ಅಲ್ಲಿಗೆ ಬರಲು ಎಷ್ಟು ತಲೆಮಾರು ಬೇಕಾಯಿತು ಅಂತ ತಾತ ಇದ್ದಿದ್ದರೆ ಕೇಳಬಹುದಿತ್ತು. ನಮಗೆ ಚಿಲಿಪಿಲಿ ಅನ್ನುವ ಚಟುವಟಿಕೆ ಪುಸ್ತಕ ಬಂತು. 2013ರಲ್ಲಿ ಎಳೆಯ ಮಕ್ಕಳ ಆರೈಕೆ ಮತ್ತು ಶಿಕ್ಷಣಕ್ಕೇ ಒಂದು ರಾಷ್ಟ್ರೀಯ ನೀತಿ, 2020ರಲ್ಲಿ ಹೊಸ ಶಿಕ್ಷಣ ನೀತಿ. ನಾವು ಜಗಳ ಬಿಡಿಸುವುದು ಅನ್ನುತ್ತಿದ್ದುದಕ್ಕೆ ಈಗ ಸಾಮಾಜಿಕ ಮತ್ತು ಭಾವನಾತ್ಮಕ ಬೆಳವಣಿಗೆ ಅಂತ ಹೆಸರು. ಹೆಸರು ಬಂದದ್ದು ಒಳ್ಳೆಯದೇ ಆಯಿತು, ಹೆಸರಿಲ್ಲದ ಕೆಲಸಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ಆದರೆ ಹೆಸರಿನ ಜೊತೆ ಪುರಸೊತ್ತು ಬರಲಿಲ್ಲ. 2021ರಿಂದ ಪೋಷಣ್ ಟ್ರ್ಯಾಕರ್ ಅನ್ನುವ ಆ್ಯಪ್ ಬಂದಿದೆ. ನನ್ನ ಜಾಗಕ್ಕೆ ಬಂದ ಹುಡುಗಿ ಬೆಳಗ್ಗೆ ಫೋನಿನಲ್ಲಿ ಹಾಜರಿ ತುಂಬುವಾಗ ಎರಡು ಮಕ್ಕಳು ಅವಳ ಬೆನ್ನ ಹಿಂದೆ ಕಿತ್ತಾಡುತ್ತಿದ್ದುದನ್ನು ಕಂಡೆ. "ಅಕ್ಕ, ನೆಟ್‌ವರ್ಕ್ ಸಿಕ್ಕಿದೆ, ಒಂದ್ನಿಮಿಷ" ಅಂದಳು. ಅವಳ ತಪ್ಪಲ್ಲ. ಜಗಳ ಬಿಡಿಸದಿದ್ದರೆ ಯಾರೂ ನೋಟಿಸ್ ಕೊಡುವುದಿಲ್ಲ, ಆ್ಯಪ್ ತುಂಬದಿದ್ದರೆ ಕೊಡುತ್ತಾರೆ.

ಆ ಹಳೆಯ ಮನೆ ಈಗಿಲ್ಲ. ಹುಳ ಸಾಕುವುದನ್ನು ಅವರು ಎಂದೋ ಬಿಟ್ಟರು. ಅಂಗನವಾಡಿಗೆ ಸ್ವಂತ ಕಟ್ಟಡವಾಗಿದೆ, ಗೋಡೆಗೆ ಆನೆ, ಜಿಂಕೆ ಬರೆಸಿದ್ದಾರೆ, ಚೆಂಡು ಏಳು ಇವೆ. ಅಲ್ಲಿಗೆ ಬರುವ ಮೇಲ್ವಿಚಾರಕರು, ಪಂಚಾಯ್ತಿ ಸದಸ್ಯರು, ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮ ಎಲ್ಲರೂ ಕೇಳುವ ಮಾತು ಮಾತ್ರ 1977ರದ್ದೇ: "ಇವತ್ತು ಏನ್ ಅಡುಗೆ ಮಿಸ್?" ನಿಮ್ಮೂರಿನ ಅಂಗನವಾಡಿಗೆ ಹೋದಾಗ ಒಂದು ಸಲ ಬೇರೆ ಮಾತು ಕೇಳಿ ನೋಡಿ. ಇವತ್ತು ಎಷ್ಟು ಜಗಳ ಆಯಿತು, ಹೇಗೆ ಬಿಡಿಸಿದಿರಿ ಅಂತ ಕೇಳಿ. ಕೇಳಿದ ಮೇಲೆ ಅರ್ಧ ಗಂಟೆ ಕೂರಲು ಪುರಸೊತ್ತು ಮಾಡಿಕೊಂಡೇ ಹೋಗಿ.